ಕೊನೆಯ ಬಾಣ ಎಲ್ಲಿಗೆ ಹೋಗುತ್ತದೆ?

ಗ್ರಾಹಕರ ದೂರು ನಮ್ಮ ಆಫೀಸಿಗೆ ಬಂದ ಮೇಲೆ ಏನೇನಾಗುತ್ತದೆ ಅಂತ ಮೇಲಿನವರಿಗೆ ಹತ್ತು ನಿಮಿಷದಲ್ಲಿ ತೋರಿಸಬೇಕಿತ್ತು. ಕೆಲಸ ನನ್ನ ತಲೆಗೆ ಬಂತು. ದಿನಾ ಮಾಡುವ ಕೆಲಸವೇ ಅಲ್ವಾ ಅಂತ ಹಿಂದಿನ ದಿನ ಮಧ್ಯಾಹ್ನದವರೆಗೂ ಆರಾಮಾಗಿದ್ದೆ.

ಆಮೇಲೆ ಪವರ್‌ಪಾಯಿಂಟ್ ತೆರೆದು ಆರು ಹಂತ ಟೈಪ್ ಮಾಡಿದೆ. ನೋಂದಣಿ, ವಿಂಗಡಣೆ, ಪರಿಶೀಲನೆ, ದುರಸ್ತಿ, ಗ್ರಾಹಕರ ಒಪ್ಪಿಗೆ, ಮುಕ್ತಾಯ. ಬರೀ ಪಟ್ಟಿ ಬೋಳು ಬೋಳಾಗಿ ಕಾಣುತ್ತಿತ್ತು. ಪಟ್ಟಿಯನ್ನು ಚಿತ್ರ ಮಾಡಿಕೊಡುವ ಸ್ಮಾರ್ಟ್‌ಆರ್ಟ್ ಒತ್ತಿದೆ. ಪಟ್ಟಿ, ಪ್ರಕ್ರಿಯೆ, ಚಕ್ರ, ಪಿರಮಿಡ್ಡು ಅಂತ ಸಾಲು ಸಾಲು ಮಾದರಿಗಳು. ಒಂದೊಂದನ್ನೂ ಹಾಕಿ ನೋಡುತ್ತಾ, ತೆಗೆಯುತ್ತಾ ಅರ್ಧ ಗಂಟೆ ಹೋಯಿತು. ಪಿರಮಿಡ್ಡಿನಲ್ಲಿ 'ನೋಂದಣಿ' ಶಿಖರದಲ್ಲಿ ರಾಜನ ಹಾಗೆ ಕೂತಿತು, ಅದು ಬೇಡ ಅನ್ನಿಸಿತು. ಕೊನೆಗೆ ಚಕ್ರಕ್ಕೆ ಒಪ್ಪಿದೆ. ಆರು ಗುಂಡು, ಆರು ಬಾಣ, ಆರು ಬಣ್ಣ, ಸ್ಲೈಡಿನ ತುಂಬಾ ಚೆನ್ನಾಗಿ ಕೂತಿತ್ತು. ಚಕ್ರವೇ ಯಾಕೆ ಅಂತ ಯಾರಾದರೂ ಕೇಳಿದ್ದರೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಚೆಂದ ಕಂಡಿತು ಅಷ್ಟೇ.

ಸಂಜೆ ನಮ್ಮ ಹಿರಿಯ ಸಹೋದ್ಯೋಗಿಗೆ ತೋರಿಸಿದೆ. ಅವರು ಬಾಣಗಳ ಮೇಲೆ ಬೆರಳಿಟ್ಟು ಒಂದು ಸುತ್ತು ಬಂದರು. "ಈ ಕೊನೆ ಬಾಣ ಮುಕ್ತಾಯದಿಂದ ವಾಪಸ್ ನೋಂದಣಿಗೆ ಹೋಗ್ತಿದೆಯಲ್ಲಪ್ಪಾ, ಮುಗಿದ ದೂರು ಮತ್ತೆ ದೂರಾಗುತ್ತಾ?"

"ಇಲ್ಲ ಮೇಡಂ, ಅದು ಸುಮ್ನೆ ಡಿಸೈನು," ಅಂದೆ.

"ಬಾಣ ಹಾಕಿದ್ರೆ ಜನ ಅದನ್ನ ನಂಬ್ತಾರೆ," ಅಂದು ಮುಂದಿನ ಸ್ಲೈಡಿಗೆ ಹೋದರು.

ಅಲ್ಲಿ ಇನ್ನೂ ಜಾಸ್ತಿ ಮುಖಭಂಗ ಕಾದಿತ್ತು. ತಡವಾಗಲು ಏಳು ಕಾರಣ, ಅದಕ್ಕೊಂದು ತ್ರೀಡಿ ಪೈ ಚಾರ್ಟ್. ವಾಲಿಸಿದ ತಟ್ಟೆಯ ಹಾಗಿತ್ತು. ಮುಂದುಗಡೆ ಬಂದ ಶೇ. 18ರ ತುಂಡು ಹಿಂದಿನ ಶೇ. 23ಕ್ಕಿಂತ ದಪ್ಪಗೆ ಕಾಣುತ್ತಿತ್ತು. ಯಾವ ಬಣ್ಣ ಯಾವ ಕಾರಣ ಅಂತ ತಿಳಿಯಲು ಬಲಗಡೆಯ ಪಟ್ಟಿಗೂ ತಟ್ಟೆಗೂ ಕಣ್ಣು ಓಡಾಡಬೇಕು. ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ ಅನ್ನುವ ಇಬ್ಬರು ಸಂಖ್ಯಾಶಾಸ್ತ್ರಜ್ಞರು 1984ರಲ್ಲೇ ಜನರನ್ನು ಕೂರಿಸಿ ಪರೀಕ್ಷೆ ಮಾಡಿ ತೋರಿಸಿದ್ದರು: ಒಂದೇ ಗೆರೆಯಿಂದ ಎದ್ದ ಕಂಬಗಳನ್ನು ಹೋಲಿಸುವಷ್ಟು ಸರಿಯಾಗಿ ಪೈ ತುಂಡುಗಳ ಕೋನಗಳನ್ನು ನಮ್ಮ ಕಣ್ಣು ಹೋಲಿಸಲಾರದು. ಇದನ್ನು ಎಲ್ಲೋ ಓದಿದ್ದೆ, ಓದಿಯೂ ಪೈ ಹಾಕಿದ್ದೆ! ಎರಡು ಮೂರು ತುಂಡಿದ್ದರೆ ಪೈ ನಡೆಯುತ್ತದೆ, ಏಳಕ್ಕೆ ಖಂಡಿತ ಇಲ್ಲ. ಅದನ್ನು ಅಳಿಸಿ ಅಡ್ಡ ಪಟ್ಟಿಗಳ ಬಾರ್ ಚಾರ್ಟ್ ಮಾಡಿದೆ. ದೊಡ್ಡದು ಮೇಲೆ, ಕಾರಣದ ಹೆಸರು ಪಟ್ಟಿಯ ಪಕ್ಕದಲ್ಲೇ. ಐದು ನಿಮಿಷದ ಕೆಲಸ.

ಚಕ್ರದ ಜಾಗಕ್ಕೆ ಏನು ಹಾಕುವುದು ಅನ್ನುವುದು ಅಷ್ಟು ಸುಲಭಕ್ಕೆ ಮುಗಿಯಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಪೆನ್ಸಿಲ್ ಹಿಡಿದೆ. ಮಾಮೂಲಿ ಫ್ಲೋಚಾರ್ಟ್: ಕೆಲಸಕ್ಕೆ ಚೌಕ, ಪ್ರಶ್ನೆಗೆ ವಜ್ರದ ಆಕಾರ, ಅದರಿಂದ 'ಹೌದು' ಒಂದು ಕಡೆ, 'ಇಲ್ಲ' ಇನ್ನೊಂದು ಕಡೆ. ನಾಲ್ಕು ಚೌಕ ಸಲೀಸಾಗಿ ಬಂದವು. ಐದನೆಯದು ವಜ್ರ: ಗ್ರಾಹಕರು ಒಪ್ಪಿದರೇ? ಹೌದು ಅಂದರೆ ಮುಕ್ತಾಯ. ಇಲ್ಲ ಅಂದರೆ?

ಪೆನ್ಸಿಲ್ ಅಲ್ಲೇ ನಿಂತಿತು. ಇಷ್ಟು ವರ್ಷ ಇದೇ ಕೆಲಸ ಮಾಡಿಯೂ ಆ ಗೆರೆ ಎಲ್ಲಿಗೆ ಹೋಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಒಬ್ಬರಿಗೆ ಫೋನ್ ಮಾಡಿದೆ, "ದುರಸ್ತಿಗೆ ವಾಪಸ್" ಅಂದರು. ಇನ್ನೊಬ್ಬರು "ಪರಿಶೀಲನೆಗೆ" ಅಂದರು. ಮೂರನೆಯವರು ಸ್ವಲ್ಪ ತಡವರಿಸಿ, "ಹಳೇ ನಂಬರ್ ಕ್ಲೋಸ್ ಮಾಡಿ ಹೊಸ ನಂಬರ್ ಕೊಡ್ತೀವಿ ಸಾರ್, ಇಲ್ಲಾಂದ್ರೆ ದಿನಗಳ ಲೆಕ್ಕ ಜಾಸ್ತಿ ಆಗಿಬಿಡುತ್ತೆ," ಅಂದರು. ಅಂದರೆ ಮೇಡಂ ತಮಾಷೆಗೆ ಕೇಳಿದ್ದು ನಿಜವೇ ಆಗಿತ್ತು. ದೂರು ಮತ್ತೆ ದೂರಾಗುತ್ತಿತ್ತು.

ಮೂರೂ ಗೆರೆ ಎಳೆದೆ. ಮೊದಲು 'ಇಲ್ಲ'ಕ್ಕೆ ಕೆಂಪು, 'ಹೌದು'ಗೆ ಹಸಿರು ಕೊಟ್ಟಿದ್ದೆ. ಪ್ರೊಜೆಕ್ಟರಿನಲ್ಲಿ ಎರಡೂ ಮಂಕಾದವು, ಮತ್ತೆ ಕೆಂಪು ಹಸಿರು ಬೇರೆ ಮಾಡಿ ನೋಡಲಾಗದವರೂ ಇರುತ್ತಾರಲ್ಲ, ಹಾಗಾಗಿ 'ಇಲ್ಲ'ದ ಗೆರೆಗಳನ್ನು ತುಂಡು ತುಂಡು ಮಾಡಿದೆ. ಮಿಕ್ಕಿದ್ದೆಲ್ಲ ಬೂದು ಬಣ್ಣ. ನೋಡಲು ಚಕ್ರದಷ್ಟು ಚೆಂದ ಇರಲಿಲ್ಲ, ಒಪ್ಪುತ್ತೇನೆ.

ಮರುದಿನ ಸ್ಲೈಡ್ ಬಿದ್ದ ಮೇಲೆ ಯಾರೂ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಒಬ್ಬರು, "ಆ ಮೂರನೇ ಗೆರೆ ಯಾರು ಹೇಳಿದ್ದು?" ಅಂತ ಕೇಳಿದರು. ಚರ್ಚೆ ಅಲ್ಲಿಂದ ಶುರುವಾಗಿ ಮುಕ್ಕಾಲು ಗಂಟೆ ನಡೆಯಿತು. ಬಾರ್ ಚಾರ್ಟಿನ ಸ್ಲೈಡಿಗೆ ನಾವು ಹೋಗಲೇ ಇಲ್ಲ.