ಚಿತ್ತಾರ ಕಲಿಯೋಕೆ ಮೈಸೂರಿಗೆ ಹೋಗಿ ನಾರು ಜಜ್ಜಿ ಬಂದ ಕಥೆ

ಮೊದಲೇ ಹೇಳಿಬಿಡ್ತೀನಿ, ಈ ಟ್ರಿಪ್ ನಂದಲ್ಲ, ನನ್ನ ಹೆಂಡ್ತಿದು. ಮೈಸೂರಲ್ಲಿ ಎರಡು ದಿನ ಹಸೆ ಚಿತ್ತಾರ ಕಲಿಸ್ತಾರೆ ಅಂತ ಯಾರೋ ಫಾರ್ವರ್ಡ್ ಮಾಡಿದ್ದನ್ನ ನೋಡಿ ಅವಳು ಹೆಸರು ಕೊಟ್ಟಿದ್ಲು, ಟ್ರೈನ್ ಟಿಕೆಟ್ ಆಗಿತ್ತು, ರೂಮ್ ಆಗಿತ್ತು, ಶುಕ್ರವಾರ ಸಾಯಂಕಾಲ ನೋಡಿದ್ರೆ ಸ್ಕೂಲಿಂದ ಮೆಸೇಜು, ಶನಿವಾರ ಭಾನುವಾರ ಎರಡೂ ದಿನ ಪೇಪರ್ ತಿದ್ದೋ ಡ್ಯೂಟಿ. "ಟಿಕೆಟ್ ಯಾಕ ಹಾಳ ಮಾಡೋದು, ನೀವ ಹೋಗ್ರಿ, ಕಲ್ತ್ ಬಂದು ನಂಗ ಹೇಳಿಕೊಡ್ರಿ" ಅಂದ್ಲು. ನಾನು ಚಿತ್ರ ಅಂತ ಬರೆದದ್ದು ಪಿಯುಸಿ ಬಯಾಲಜಿ ರೆಕಾರ್ಡಲ್ಲಿ ಅಮೀಬಾ, ಅದೇ ಕೊನೆ. ಅದು ಬಿಡಿ, ಅದಕ್ಕೂ ಆಕಾರ ಇರಲ್ಲ ಅಂತ ಮಾರ್ಕ್ಸ್ ಸಿಕ್ಕಿತ್ತು.

ಬೆಂಗಳೂರು ಮೈಸೂರು ಟ್ರೈನ್ ಬಗ್ಗೆ ಬರೆಯೋಕೆ ಏನಿದೆ, ಮದ್ದೂರು ವಡೆ ಬಂತು, ತಿಂದೆ, ನಿದ್ದೆ ಮಾಡಿದೆ. ಶ್ರೀರಂಗಪಟ್ಟಣದ ಹತ್ರ ಸೇತುವೆ ಸದ್ದಿಗೆ ಎಚ್ಚರ ಆಯ್ತು. ಅಲ್ಲಿ ದರಿಯಾ ದೌಲತ್ ಬಾಗ್ ಇದೆಯಲ್ಲ, ಟಿಪ್ಪು 1784ರಲ್ಲಿ ಕಟ್ಟಿಸಿದ್ದು, ಗೋಡೆ ತುಂಬ 1780ರ ಪೊಳ್ಳಿಲೂರು ಯುದ್ಧದ ಚಿತ್ರ, ಸ್ಕೂಲ್ ಟ್ರಿಪ್ಪಲ್ಲಿ ಎಲ್ರೂ ನೋಡಿರ್ತೀರಿ. 1799ರಲ್ಲಿ ಟಿಪ್ಪು ಹೋದ ಮೇಲೆ ಆರ್ಥರ್ ವೆಲ್ಲೆಸ್ಲಿ ಆ ಬಂಗಲೆಯಲ್ಲಿ ಬಂದು ಉಳ್ಕೊಂಡಿದ್ದ, ಹಾಳಾಗಿದ್ದ ಆ ಯುದ್ಧದ ಚಿತ್ರನ, ಅದೂ ಇಂಗ್ಲಿಷರು ಸೋತ ಯುದ್ಧದ್ದು, ರಿಪೇರಿ ಮಾಡಿಸಿದ್ದೂ ಅವನೇ. ಮುಂದೆ 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್‌ನ ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಅಂದ್ರೆ ಇವನೇ. ಇವನ ಕಥೆ ಯಾಕೆ ಅಂದ್ರೆ, ನಾನು ಹೊರಟಿದ್ದ ಜಾಗವೇ ಮೈಸೂರಿನ ಇರ್ವಿನ್ ರಸ್ತೆಯ ವೆಲ್ಲಿಂಗ್ಟನ್ ಹೌಸ್, ಅವನಿದ್ದ ಇನ್ನೊಂದು ಮನೆ. ಈಗ ಅದರಲ್ಲಿರೋದು ಭೋಪಾಲದ ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯದ ದಕ್ಷಿಣ ಪ್ರಾದೇಶಿಕ ಕೇಂದ್ರ. ಬುಡಕಟ್ಟು, ಹಳ್ಳಿ ಜನರ ವಸ್ತುಗಳನ್ನ ಇಟ್ಟಿರ್ತಾರೆ, ಜೊತೆಗೆ ಆಗಾಗ ಆಯಾ ಸಮುದಾಯದವರನ್ನೇ ಕರೆಸಿ 'ಮಾಡಿ ಕಲಿ' ಅಂತ ಶಿಬಿರ ಮಾಡ್ತಾರೆ. ಸ್ಟೇಷನ್ನಿಂದ ನಡ್ಕೊಂಡೇ ಹೋಗಬಹುದು, ನಾನು ಆಟೋದವನ ಹತ್ರ ಚೌಕಾಸಿ ಮಾಡಿ ಸೋತು ನಡ್ಕೊಂಡೇ ಹೋದೆ.

ಒಳಗೆ ಹೋದ್ರೆ ಆಗಲೇ ಜನ ಚಾಪೆ ಮೇಲೆ ಕೂತಿದ್ರು. ಒಂದಷ್ಟು ಕಾಲೇಜು ಹುಡುಗೀರು, ಮಗನ್ನ ಕರ್ಕೊಂಡು ಬಂದಿದ್ದ ಒಬ್ರು ತಾಯಿ, ಬ್ಯಾಂಕಿಂದ ರಿಟೈರ್ ಆದ ಒಬ್ರು ಯಜಮಾನ್ರು, ಮತ್ತೆ ಒಂಟಿಕೊಪ್ಪಲ್ ಕಡೆಯ ಒಬ್ರು ಅಜ್ಜಿ. ಅಜ್ಜಿ ರಂಗೋಲಿ ಎಕ್ಸ್‌ಪರ್ಟು, ಕೂರೋ ಮುಂಚೇನೇ ಎಲ್ರಿಗೂ ಅದನ್ನ ತಿಳಿಸಿ ಆಗಿತ್ತು. ಕಲಿಸೋಕೆ ಬಂದಿದ್ದವರು ಸಾಗರದ ಕಡೆಯ ಇಬ್ರು, ಅತ್ತೆ ಸೊಸೆ. ತಾಳಗುಪ್ಪ ಟ್ರೈನಲ್ಲಿ ಬಂದಿಳಿದಿದ್ರು, ಜೊತೆಗೆ ಎರಡು ಗೊಬ್ಬರದ ಚೀಲ ತುಂಬ ಸಾಮಾನು. ನಾನು ಬಣ್ಣದ ಡಬ್ಬಿ, ಬ್ರಶ್ಶು ಏನೋ ಇರುತ್ತೆ ಅಂದ್ಕೊಂಡೆ. ಚೀಲ ಬಿಚ್ಚಿದ್ರೆ ಕೆಮ್ಮಣ್ಣು, ಅಕ್ಕಿ, ಒಣಗಿದ ಯಾವುದೋ ಕಾಯಿ, ಒಂದು ಕಟ್ಟು ನಾರು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡ್ತೀನಿ. ಚಿತ್ತಾರ ಅನ್ನೋದು ಶಿವಮೊಗ್ಗ ಜಿಲ್ಲೆಯ ಸಾಗರ ಸೊರಬದ ಕಡೆ ದೀವರು ಅನ್ನೋ ಸಮುದಾಯದ ಹೆಂಗಸರು ಗೋಡೆ ಮೇಲೆ ಬರೆಯೋ ಕಲೆ. ಮದುವೆ ಮನೇಲಿ ಗಂಡು ಹೆಣ್ಣನ್ನ ಹಸೆಗೆ ಕೂರಿಸ್ತಾರಲ್ಲ, ಆ ಗೋಡೆ ಮೇಲೆ ಬರೆಯೋದು ಹಸೆ ಚಿತ್ತಾರ. ಗೋಡೆಗೆ ಸಗಣಿ, ಕೆಮ್ಮಣ್ಣು ಸಾರಿಸಿ ಅದರ ಮೇಲೆ ಗೆರೆ. ಬಣ್ಣ ನಾಲ್ಕೇ. ಬಿಳಿಗೆ ನೆನೆಸಿ ಅರೆದ ಅಕ್ಕಿ, ಕೆಂಪಿಗೆ ಕೆಮ್ಮಣ್ಣು, ಹಳದಿಗೆ ಗುರಿಗೆ ಕಾಯಿ ಕುದಿಸಿದ ರಸ, ಕಪ್ಪಿಗೆ ಹುರಿದು ಹುರಿದು ಕರಿ ಮಾಡಿದ ಅಕ್ಕಿ. ಬ್ರಶ್ಶು ಅಂದ್ರೆ ಪುಂಡಿ ನಾರು. ಇಲ್ಲಿ ನಾನು ಒಂದು ನಿಮಿಷ ತಡವರಿಸಿದೆ, ಯಾಕಂದ್ರೆ ನಾವು ಗದಗದ ಕಡೆಯವರು, ನಮಗೆ ಪುಂಡಿ ಅಂದ್ರೆ ಪಲ್ಯ, ರೊಟ್ಟಿ ಜೊತೆ ತಿನ್ನೋದು. "ನಾವು ಇದನ್ನ ತಿಂತೀವಿ ಅಮ್ಮ" ಅಂದೆ. ಅತ್ತೆ ನಕ್ಕು, "ತಿನ್ನಿ, ಯಾರು ಬ್ಯಾಡ ಅಂದ್ರು, ಈಗ ಇದನ್ನ ಜಜ್ಜಿ" ಅಂತ ಕೈಗೆ ಕಲ್ಲು ಕೊಟ್ರು.

ಜಜ್ಜಿದ್ದು ಜಜ್ಜಿದ್ದೇ. ಬೆಳಿಗ್ಗೆಯಿಂದ ಊಟದವರೆಗೆ ಒಂದು ಗೆರೆ ಎಳೀಲಿಲ್ಲ ನಾವು. ನೀರಲ್ಲಿ ನೆನೆದ ನಾರನ್ನ ಒಂದು ಗೇಣು ಕತ್ತರಿಸಿ ತುದೀನ ಕಲ್ಲಿಂದ ಮೆತ್ತಗೆ ಕುಟ್ಟಬೇಕು, ಜೋರಾಗಿ ಕುಟ್ಟಿದ್ರೆ ತುಂಡಾಗುತ್ತೆ, ಮೆಲ್ಲಗೆ ಕುಟ್ಟಿದ್ರೆ ಬಿಡಿಸ್ಕೊಳಲ್ಲ, ಎಳೆ ಎಳೆ ಬಿಟ್ಟ ಮೇಲೆ ಉಗುರಲ್ಲಿ ಬಾಚಿ ಬೇಡದ್ದನ್ನ ಕಿತ್ತು, ಸಣ್ಣ ಗೆರೆಗೆ ನಾಲ್ಕೈದೇ ಎಳೆ ಉಳಿಸ್ಕೋಬೇಕು. ಸೊಸೆ ಮಾತಾಡ್ತಾ ಮಾತಾಡ್ತಾ ನೋಡದೇನೇ ಮೂರು ಮಾಡಿಟ್ಟಿದ್ರು. ನಾನು ಮಾಡಿದ್ದನ್ನ ಅತ್ತೆ ಎತ್ತಿ ಬೆಳಕಿಗೆ ಹಿಡಿದು, "ತಮ್ಮಾ, ಇದ್ರಲ್ಲಿ ಗೋಡೆಗೆ ಸುಣ್ಣ ಹೊಡೀಬಹುದು" ಅಂದ್ರು. ಬ್ಯಾಂಕ್ ಯಜಮಾನ್ರು ಜೋರಾಗಿ ನಕ್ಕರು, ಅವರ ನಾರು ಆಗಲೇ ಎರಡು ತುಂಡಾಗಿ ಬಿದ್ದಿತ್ತು, ಆದ್ರೂ ನಕ್ಕರು.

ಆಮೇಲೆ ನನಗೆ ಕಪ್ಪು ಬಣ್ಣದ ಡ್ಯೂಟಿ ಬಿತ್ತು. ಹಿಂದುಗಡೆ ಒಲೆ ಇಟ್ಟಿದ್ರು, ಬಾಣಲೀಲಿ ಅಕ್ಕಿ ಹಾಕಿ ತಿರುವ್ತಾ ನಿಂತೆ. ಬಿಳಿ ಇದ್ದದ್ದು ಹೊಂಬಣ್ಣ ಆಯ್ತು, ಆಗ ಬರೋ ವಾಸನೆ ಎಷ್ಟು ಚೆನ್ನಾಗಿರುತ್ತೆ ಅಂದ್ರೆ ಅಲ್ಲೇ ನಿಲ್ಲಿಸಿ ಬೆಲ್ಲ ಹಾಕಿ ತಿಂದುಬಿಡೋಣ ಅನ್ಸುತ್ತೆ, ಆಮೇಲೆ ಕಾಫಿ ಬೀಜದ ಬಣ್ಣ, ಆಮೇಲೆ ಹೊಗೆ, ಕಣ್ಣಲ್ಲಿ ನೀರು, ನಾನು ಸಾಕು ಅಂದ್ರೆ ಸೊಸೆ ಬಗ್ಗಿ ನೋಡಿ "ಇನ್ನೂ ಕಂದು ಇದೆ ಅಣ್ಣಾ" ಅಂತಾರೆ. ಅಕ್ಕಿ ಕಾಳು ಒಳಗಿಂದ ಕರಿ ಆಗ್ಬೇಕಂತೆ, ಉಗುರಲ್ಲಿ ಒತ್ತಿದ್ರೆ ಪುಡಿ ಆಗ್ಬೇಕು. ಆದ ಮೇಲೆ ನೀರು ಚಿಮುಕಿಸಿ ಅರೆಯೋದು. ಅಲ್ಲಿ ನಾನು ಸೋಮಾರಿತನ ಮಾಡಿದೆ, ಹಸಿವಾಗಿತ್ತು, ನುಣ್ಣಗಾಗೋ ಮುಂಚೆ ಬಟ್ಟಲಿಗೆ ಬಗ್ಗಿಸಿಬಿಟ್ಟೆ. ಇದರ ಫಲ ಮಧ್ಯಾಹ್ನ ಉಂಡೆ, ಅಲ್ಲ, ಎಲ್ರೂ ಉಂಡ್ರು, ಯಾಕಂದ್ರೆ ಕಪ್ಪಿನ ಬಟ್ಟಲು ಇದ್ದದ್ದು ಒಂದೇ, ಎಲ್ಲರ ಗೆರೆಯಲ್ಲೂ ನಡುನಡುವೆ ಎಳ್ಳಿನ ಥರ ಕಾಳು. ಆ ತಾಯಿಯ ಮಗ ಮಾತ್ರ ತನ್ನದರಲ್ಲಿ ಅವನ್ನೆಲ್ಲ ಇರುವೆ ಮಾಡ್ಕೊಂಡ.

ಗೆರೆ ವಿಷ್ಯಕ್ಕೆ ಬರ್ತೀನಿ. ಕೆಮ್ಮಣ್ಣು ಬಳಿದ ಹಲಗೆ ಎಲ್ರಿಗೂ ಕೊಟ್ಟಿದ್ರು. ರಂಗೋಲಿ ಅಜ್ಜಿ ಮೊದಲ ಪ್ರಶ್ನೆ ಕೇಳಿದ್ದು "ಚುಕ್ಕಿ ಎಲ್ಲಿ ಇಡೋದು?" ಅಂತ. ಚುಕ್ಕಿ ಇಲ್ಲ. ಅಜ್ಜಿಗೆ ಅದು ಅರಗಲೇ ಇಲ್ಲ, ಚುಕ್ಕಿ ಇಲ್ದೆ ಲೆಕ್ಕ ಹೆಂಗೆ ಅಂತ. ಲೆಕ್ಕ ಎಲ್ಲ ಎಳೆಯಲ್ಲಿ ಇರುತ್ತೆ, ಸುತ್ತ ಚೌಕ, ಚೌಕದೊಳಗೆ ಚೌಕ, ಒಳಗೆ ಅಡ್ಡ ಉದ್ದ ಓರೆ ಗೆರೆ, ಎಷ್ಟು ಎಳೆ ಅಂತ ಎಣಿಸ್ಕೊಂಡೇ ಹೋಗೋದು, ಜೋಗಿ ಜಡೆ ಅಂತ ಒಂದು ವಿನ್ಯಾಸ ಇದೆ, ಹೆಸರಿಗೆ ತಕ್ಕ ಹಾಗೆ ಹೆಣೆದ ಜಡೆ, ಎಣಿಕೆ ಒಂದು ತಪ್ಪಿದ್ರೂ ಜಡೆ ಅಲ್ಲೇ ಬಿಚ್ಚಿಹೋಗುತ್ತೆ. ಇನ್ನೊಂದು ಏನಂದ್ರೆ ರಂಗೋಲಿ ಕೈ ಓಡುತ್ತೆ, ಇಲ್ಲಿ ಓಡಂಗಿಲ್ಲ. ಅಜ್ಜಿ ಕೈ ತಾನಾಗೇ ಬಳುಕಿ ಬಳ್ಳಿ ಆಗ್ತಿತ್ತು, ಅತ್ತೆ ಮತ್ತೆ ಮತ್ತೆ ಅವರ ಮುಂಗೈ ಮೇಲೆ ಬೆರಳಿಟ್ಟು "ನಿಲ್ಲಿ, ನಿಲ್ಲಿ" ಅಂತಿದ್ರು. ಇಬ್ರೂ ಹೆಚ್ಚು ಕಡಿಮೆ ಒಂದೇ ವಯಸ್ಸು. ಸ್ವಲ್ಪ ಹೊತ್ತಿಗೆ ಇಬ್ರೂ ಚಿತ್ತಾರ ಬಿಟ್ಟು ಮೊಣಕಾಲು ನೋವಿಗೆ ಯಾವ ಎಣ್ಣೆ ಅಂತ ಮಾತಾಡ್ಕೊಂಡು ಕೂತಿದ್ರು, ನಾವು ಹಲಗೆ ಹಿಡ್ಕೊಂಡು ಕಾಯ್ತಾ ಇದ್ವಿ. ನನಗೇನೋ ಇಡೀ ಎರಡು ದಿನದಲ್ಲಿ ಅದೇ ಚೆನ್ನಾಗಿತ್ತು.

ಸಾಯಂಕಾಲ ಬಿಳಿ ಹಿಟ್ಟು ಖಾಲಿ ಆಗ್ತಾ ಬಂದಾಗ ಕಾಲೇಜು ಹುಡುಗಿ ಒಬ್ಬಳು ಕೇಳಿದ್ಲು, ಸೈನ್ ಎಲ್ಲಿ ಮಾಡೋದು ಆಂಟಿ ಅಂತ. ಅತ್ತೆಗೆ ಅರ್ಥ ಆಗ್ಲಿಲ್ಲ, ಸೊಸೆ ಬಿಡಿಸಿ ಹೇಳಿದ್ರು. ಅದಕ್ಕೆ ಅತ್ತೆ, "ಗೋಡೆ ಯಾರ್ದು ಹೇಳು? ನಾಲ್ಕು ಜನ ಸೇರಿ ಬರ್ದಿರ್ತೀವಿ, ಒಬ್ರು ಹಾಡ್ತಿರ್ತಾರೆ, ಒಬ್ರು ಅಕ್ಕಿ ಅರೀತಿರ್ತಾರೆ. ಮುಂದಿನ ಮದುವೆಗೆ ಮಣ್ಣು ಸಾರ್ಸಿ ಮತ್ತೆ ಬರೀತೀವಿ, ಹೆಸರು ಹಾಕಿದ್ರೆ ಅದನ್ನೂ ಸಾರ್ಸಬೇಕು" ಅಂದ್ರು. ಹುಡುಗಿ ಹಲಗೆ ಹಿಂದೆ ಪೆನ್ನಲ್ಲಿ ಹೆಸರು ಬರ್ಕೊಂಡ್ಲು. ನಾನೂ ಬರ್ಕೊಂಡೆ, ಸುಳ್ಳು ಯಾಕೆ, ಎಲ್ಲಾ ಹಲಗೆ ಒಂದೇ ಥರ ಇತ್ತು.

ಮರುದಿನ ಬುಟ್ಟಿ. ಆಶ್ವೀಜದ ಭೂಮಿ ಹುಣ್ಣಿಮೆಗೆ ಮಲೆನಾಡಲ್ಲಿ ಬತ್ತದ ಗದ್ದೆಗೆ ಬಸುರಿಗೆ ಮಾಡೋ ಹಾಗೆ ಬಯಕೆ ಊಟ ಹಾಕ್ತಾರೆ. ರಾತ್ರಿ ಎಲ್ಲ ಅಡುಗೆ ಮಾಡಿ, ನಸುಕಿನಲ್ಲಿ ಅದನ್ನ ಹೊತ್ತು ಗದ್ದೆಗೆ ಹೋಗೋದು, ಹಚ್ಚಂಬಲಿ, ಅಂದ್ರೆ ಬಗೆಬಗೆ ಸೊಪ್ಪು ಹಾಕಿ ಬೇಯಿಸಿದ್ದನ್ನ, ಗದ್ದೆಗೆ ಬೀರೋದು. ಆ ಊಟ ಹೋಗೋದು ಭೂಮಣ್ಣಿ ಬುಟ್ಟಿಯಲ್ಲಿ, ಬಿದಿರಿನ ಬುಟ್ಟಿಗೆ ಸಗಣಿ ಕೆಮ್ಮಣ್ಣು ಮೆತ್ತಿ ಒಣಗಿಸಿ ಸುತ್ತ ಅಕ್ಕಿ ಹಿಟ್ಟಿನ ಚಿತ್ತಾರ. ಅವರು ನಮಗೆ ಅಂಗೈ ಅಗಲದ ಬುಟ್ಟಿ ತಂದಿದ್ರು. ಬುಟ್ಟಿ ಮೇಲೆ ಬರೆಯೋದು ಹಲಗೆಗಿಂತ ಕಷ್ಟ, ದುಂಡಗಿದೆ, ಒಂದು ಕಡೆಯಿಂದ ಶುರು ಮಾಡಿದ ಗೆರೆ ಸುತ್ತಿ ಬಂದು ಅಲ್ಲೇ ಸೇರಬೇಕು. ನಂದು ಸೇರಲಿಲ್ಲ, ಅರ್ಧ ಇಂಚು ಮೇಲೆ ಹೋಗಿ ನಿಂತಿತ್ತು. ಅತ್ತೆ ಕೈಗೆ ತಗೊಂಡು ಆ ಸಂದಿಯಲ್ಲಿ ಸಣ್ಣದಾಗಿ ಒಂದು ಬತ್ತದ ತೆನೆ ಎಳೆದ್ರು, ಮೇಲಿನ ಗೆರೆ ಕೆಳಗಿನ ಗೆರೆ ಎರಡೂ ಆ ತೆನೆಗೆ ಬಂದು ಕೂತ್ವು. ಮೂರು ಸೆಕೆಂಡಿನ ಕೆಲಸ.

ಟ್ರೈನಿಗೆ ಟೈಮ್ ಇತ್ತು ಅಂತ ಜಗನ್ಮೋಹನ ಅರಮನೆ ಗ್ಯಾಲರಿಗೆ ಹೋಗಿ ಬಂದೆ. 1861ರ ಅರಮನೆ, 1915ರಿಂದ ಗ್ಯಾಲರಿ. ಎಲ್ರೂ ನೋಡೋದು ದೀಪ ಹಿಡಿದ ಹೆಂಗಸಿನ ಚಿತ್ರ. ನನ್ನ ಮುಂದೆ ಇದ್ದವರು ಮಕ್ಕಳಿಗೆ "ರವಿವರ್ಮಂದು ಕಣೋ" ಅಂತ ಹೇಳ್ತಿದ್ರು, ಎಲ್ರೂ ಹಂಗೇ ಹೇಳೋದು, ಆದ್ರೆ ಅದು ಎಸ್.ಎಲ್. ಹಳದಂಕರ್ ಬರೆದ ಜಲವರ್ಣ, ನಿಂತಿರೋದು ಅವರ ಮಗಳು ಗೀತಾ. ಆಕೆ 102 ವರ್ಷ ಬದುಕಿ 2018ರಲ್ಲಿ ಕೊಲ್ಲಾಪುರದಲ್ಲಿ ತೀರಿಕೊಂಡ್ರು. ಬೆರಳ ಸಂದಿಯಿಂದ ಬರೋ ಆ ಕೆಂಪು ಬೆಳಕನ್ನ ನೋಡ್ತಾ ನಿಂತಿದ್ದಾಗ ನನ್ನ ತಲೇಲಿ ಓಡ್ತಿದ್ದದ್ದು ಇವರು ಬ್ರಶ್ ಎಲ್ಲಿಂದ ತಗೊಂಡಿರಬಹುದು ಅಂತ. ಎರಡು ದಿನ ನಾರು ಜಜ್ಜಿದ್ರೆ ಹಂಗಾಗುತ್ತೆ ನೋಡಿ, ಚಿತ್ರ ಕಾಣಲ್ಲ, ಅರೆದವರು ಯಾರು ಕುಟ್ಟಿದವರು ಯಾರು ಅದೇ ಕಾಣುತ್ತೆ.

ಮನೆ ಮುಟ್ಟಿದಾಗ ರಾತ್ರಿ ಹನ್ನೊಂದು. ಹೆಂಡ್ತಿ ಇನ್ನೂ ಪೇಪರ್ ಕಟ್ಟು ಮುಂದೆ ಇಟ್ಕೊಂಡು ಕೂತಿದ್ಲು. ಬುಟ್ಟಿ ಕೈಗೆ ಕೊಟ್ಟೆ. ಕೆಂಪು ಪೆನ್ನು ಕಿವಿ ಮೇಲೆ ಸಿಕ್ಕಿಸ್ಕೊಂಡು ಸುತ್ತ ತಿರುಗಿಸಿ ನೋಡಿದ್ಲು.

"ಇದು ಯಾರ್ ಎಳದಿದ್ದು?"

"ನಾನು."

"ಇದು?"

"ಅದೂ ನಾನೇ."

"ಈ ತೆನಿ?"

"ಅದು ಅವರು."

"ಅದ ಗೊತ್ತಾತು ಬಿಡ್ರಿ" ಅಂದ್ಲು. ಆಮೇಲೆ ನನ್ನ ಶರ್ಟ್ ಜೇಬಲ್ಲಿ ಇಣುಕ್ತಿದ್ದ ನಾರಿನ ತುಂಡನ್ನ ತಾನೇ ಎಳ್ಕೊಂಡು, ತುದಿ ಮುಟ್ಟಿ ನೋಡಿ, ಅಡುಗೆ ಮನೆಗೆ ಹೋಗಿ ಒಂದು ಲೋಟ ನೀರಲ್ಲಿ ಹಾಕಿಟ್ಲು. "ಎಷ್ಟೊತ್ತ ನೆನೀಬೇಕ್ರಿ ಇದು?"