ಒತ್ತಕ್ಷರ ಉಳಿಯಬೇಕಾದರೆ ಕೇಬಲ್ ಬೇಕು

ಹಾಲಿನ ಡೇರಿಗಳಲ್ಲಿ ಬಳಸುವ ಒಂದು ಮೊಬೈಲ್ ಆ್ಯಪ್‌ಗೆ ಕನ್ನಡದಲ್ಲಿ ಕೈಪಿಡಿ ಬರೆಯುವುದು ನನ್ನ ಕೆಲಸ. ಮೊದಲ ಪ್ರತಿ ಪ್ರಿಂಟ್ ಮಾಡಿಸಿ ಒಂದು ಹಳ್ಳಿಯ ಡೇರಿಗೆ ಒಯ್ದಿದ್ದೆ. ಅಲ್ಲಿನ ಕಾರ್ಯದರ್ಶಿ ಪುಸ್ತಕ ಹಿಡಿದು ಕಿಟಕಿ ಹತ್ತಿರ ಹೋದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. "ಇದು ದ-ನೋ ಧ-ನೋ ಗೊತ್ತಾಗ್ತಿಲ್ಲ ಮೇಡಂ" ಅಂದರು.

ಮಸುಕಾಗಿದ್ದು ಸ್ಕ್ರೀನ್‌ಶಾಟ್ ಒಳಗಿನ ಅಕ್ಷರ. ನಾನು ಫೋನಿನಲ್ಲಿ ಸ್ಕ್ರೀನ್‌ಶಾಟ್ ತೆಗೆದು, ನನಗೇ ವಾಟ್ಸ್‌ಆ್ಯಪ್ ಮಾಡಿಕೊಂಡು, ಕಂಪ್ಯೂಟರಿನಲ್ಲಿ ಇಳಿಸಿಕೊಳ್ಳುತ್ತಿದ್ದೆ. ಫೋಟೊ ಅಂತ ಕಳಿಸಿದರೆ ವಾಟ್ಸ್‌ಆ್ಯಪ್ ಅದನ್ನು ಕುಗ್ಗಿಸುತ್ತದೆ. ಮುಖದ ಫೋಟೊ ಆದರೆ ನಡೆಯುತ್ತದೆ. ಕನ್ನಡದಲ್ಲಿ ಪ ಮತ್ತು ಷ ನಡುವೆ ಇರುವುದು ಒಂದೇ ಗೀಟು, ಅಲ್ವಾ? ಒತ್ತಕ್ಷರಗಳು ಇನ್ನೂ ಸಣ್ಣವು. ಅವೇ ಮೊದಲು ಹೋಗುತ್ತವೆ.

ಅವತ್ತಿನಿಂದ ಎಲ್ಲಾ ಸ್ಕ್ರೀನ್‌ಶಾಟ್ ಕಂಪ್ಯೂಟರಿನಿಂದಲೇ ತೆಗೆಯುತ್ತೇನೆ. ಆಂಡ್ರಾಯ್ಡ್ ಫೋನಿಗೆ ಗೂಗಲ್ ಉಚಿತವಾಗಿ ಕೊಡುವ ಎಡಿಬಿ ಸಾಕು. ಕಂಪ್ಯೂಟರಿನಲ್ಲಿ ಕಮಾಂಡ್ ಟೈಪ್ ಮಾಡಿ ಫೋನಿನಿಂದ ಕೆಲಸ ಮಾಡಿಸುವ ಸಾಧನ ಅದು. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ಬರುತ್ತವೆ. ಅಲ್ಲಿ ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿ ಕೇಬಲ್ ಚುಚ್ಚಬೇಕು. ಈ ಕಂಪ್ಯೂಟರನ್ನು ನಂಬಬಹುದಾ ಅಂತ ಫೋನ್ ಕೇಳುತ್ತದೆ, ಒಪ್ಪಿಗೆ ಕೊಡಬೇಕು. ಕೇಬಲ್ ಬರೀ ಚಾರ್ಜಿಂಗ್‌ದಾಗಿದ್ದರೆ ಏನೂ ಆಗದು, ಮೊದಲು ಅದನ್ನೇ ಬದಲಿಸಿ ನೋಡಿ.

ನನ್ನ ಅರ್ಧ ದಿನ ತಿಂದದ್ದು ಇನ್ನೊಂದು ವಿಷಯ. ಪವರ್‌ಶೆಲ್ ಅನ್ನುವ, ಕಮಾಂಡ್ ಟೈಪ್ ಮಾಡುವ ವಿಂಡೋದಲ್ಲಿ ಎಡಿಬಿ ಶೆಲ್ ಅಂತ ಶುರುಮಾಡಿ, ಸ್ಕ್ರೀನ್‌ಶಾಟ್ ತೆಗೆಯುವ ಸ್ಕ್ರೀನ್‌ಕ್ಯಾಪ್ ಕಮಾಂಡ್ ಕೊಟ್ಟೆ, ಫೈಲ್ ಬಂತು, ಆದರೆ ತೆರೆಯಲೇ ಇಲ್ಲ. ವಿಂಡೋಸ್ ಜೊತೆ ಬರುವ ಹಳೆಯ ಪವರ್‌ಶೆಲ್, ಕಮಾಂಡಿನಿಂದ ಫೈಲಿಗೆ ಹೋಗುವುದನ್ನೆಲ್ಲ ಬರಹ ಅಂತಲೇ ತಿಳಿದು ಬದಲಾಯಿಸಿಬಿಡುತ್ತದೆ. ಚಿತ್ರ ಕೆಡುವುದು ಅಲ್ಲೇ. ಅದೇ ಕಮಾಂಡನ್ನು ವಿಂಡೋಸ್‌ನದೇ ಇನ್ನೊಂದು ವಿಂಡೋ ಆದ ಕಮಾಂಡ್ ಪ್ರಾಂಪ್ಟ್‌ನಲ್ಲಿ, ಎಡಿಬಿ ಶೆಲ್ ಬದಲು ಎಡಿಬಿ ಎಕ್ಸೆಕ್-ಔಟ್ ಅಂತ ಕೊಟ್ಟೆ. 1080 ಪಿಕ್ಸೆಲ್ ಅಗಲ, 2400 ಪಿಕ್ಸೆಲ್ ಎತ್ತರದ ಪಿಎನ್‌ಜಿ ಚಿತ್ರ ಹಾಗೇ ಬಂತು. ಹಿಗ್ಗಿಸಿ ನೋಡಿದೆ. ಒತ್ತಕ್ಷರಗಳ ಅಂಚೂ ಸ್ಪಷ್ಟವಾಗಿತ್ತು. ತುಂಬಾ ಖುಷಿಯಾಯಿತು.

ಇನ್ನೊಂದು ಅನುಕೂಲ ನನಗೆ ಆಮೇಲೆ ಗೊತ್ತಾಯಿತು. ಆಂಡ್ರಾಯ್ಡ್ 6ರಿಂದ ಡೆಮೊ ಮೋಡ್ ಅಂತ ಒಂದಿದೆ. ಎಡಿಬಿಯಿಂದ ಅದನ್ನು ಹಾಕಿದರೆ ಗಡಿಯಾರ, ಬ್ಯಾಟರಿ ನಾವು ಹೇಳಿದ ಹಾಗೆ ನಿಲ್ಲುತ್ತವೆ, ನೋಟಿಫಿಕೇಶನ್ ಚಿಹ್ನೆಗಳನ್ನೂ ಮರೆಮಾಡಬಹುದು. ಮೊದಲ ಪ್ರತಿಯ ಒಂದು ಪುಟದಲ್ಲಿ ನನ್ನ ಬ್ಯಾಂಕ್ ಮೆಸೇಜ್ ಮೇಲ್ಗಡೆ ಇಣುಕಿತ್ತು. ಅಚ್ಚಿಗೆ ಹೋಗುವ ಮುನ್ನ ಕಣ್ಣಿಗೆ ಬಿದ್ದದ್ದು ಪುಣ್ಯ.

ಪಿನ್ ಹಾಕುವ ಸ್ಕ್ರೀನ್ ಮಾತ್ರ ಕಪ್ಪಾಗಿಯೇ ಬರುತ್ತದೆ. ಆ್ಯಪ್ ಮಾಡಿದವರೇ ಹಾಗೆ ತಡೆದಿರುತ್ತಾರೆ, ತಡೆಯಲೇಬೇಕು. ಅದಕ್ಕೆ ಅಡ್ಡದಾರಿ ಹುಡುಕಬೇಡಿ. ನಾನು ನಮ್ಮ ಡೆವಲಪರ್ ಹುಡುಗರನ್ನು ಕೇಳಿ, ಸುಳ್ಳು ಖಾತೆಗಳಿರುವ ಟೆಸ್ಟ್ ಆ್ಯಪ್‌ನಲ್ಲಿ ಆ ತಡೆ ತೆಗೆಸಿಕೊಂಡೆ. ಕೆಲಸ ಮುಗಿದ ಕೂಡಲೇ ಫೋನಿನ ಡಿಬಗ್ಗಿಂಗ್ ಕೂಡ ಆಫ್ ಮಾಡುತ್ತೇನೆ.

ಎರಡನೇ ಪ್ರತಿ ತೆಗೆದುಕೊಂಡು ಅದೇ ಡೇರಿಗೆ ಹೋದೆ. ಈ ಸಲ ಅವರು ಕೂತಲ್ಲೇ ಓದಿದರು. ಒಂದು ಚಿತ್ರದ ಮೇಲೆ ಬೆರಳಿಟ್ಟು, "ಕೊಬ್ಬಿನಂಶ ಅಂತ ಹಾಕಿದೀರಲ್ಲ ಮೇಡಂ, ಇಲ್ಲಿ ಎಲ್ಲರೂ ಫ್ಯಾಟ್ ಅಂತಾನೇ ಅನ್ನೋದು" ಅಂದರು. ಆ ಪದ ಆವತ್ತೇ ಬದಲಾಯಿತು.