ಎರಡು ಬಿಳಿಗಳು

ಚಿಕ್ಕಮಗಳೂರಿನ ನಮ್ಮ ಹಳೆಯ ಮನೆಯ ನಡುಕೋಣೆಗೆಂದು ನಾನು ತಂದಿದ್ದ ಎರಡು ಬಣ್ಣಗಳ ಸಣ್ಣ ಡಬ್ಬಿಗಳನ್ನು ನೋಡಿ ಅಮ್ಮ, "ಎರಡೂ ಒಂದೇ ಅಲ್ವೇನೋ, ಯಾವುದೋ ಒಂದು ಹೊಡೆಸಿ ಮುಗಿಸು" ಎಂದರು. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಶೇಡ್ ಕಾರ್ಡ್ ಹಿಡಿದಾಗ ನನಗೂ ಹಾಗೆಯೇ ಅನ್ನಿಸಿತ್ತು. ಪಕ್ಕದಲ್ಲಿ ಅಚ್ಚ ಬಿಳಿಯ ಹಾಳೆಯೊಂದನ್ನು ಇಟ್ಟ ಮೇಲಷ್ಟೇ ಒಂದರಲ್ಲಿ ಹಳದಿಯ ಎಳೆಯೂ ಇನ್ನೊಂದರಲ್ಲಿ ಬೂದಿಯ ಎಳೆಯೂ ಕಂಡವು.

ಪೇಂಟರ್ ಅನುಭವಸ್ಥರು. "ಗೋಡೆಗೇ ಹಚ್ಚಬೇಡಿ ಸಾರ್, ಹಳೇ ಪಿಸ್ತಾ ಹಸಿರು ಪಕ್ಕದಲ್ಲಿದ್ರೆ ಕಣ್ಣು ಮೋಸ ಹೋಗುತ್ತೆ" ಎಂದು ಎರಡು ರಟ್ಟುಗಳಿಗೆ ಎರಡೆರಡು ಕೋಟ್ ಹೊಡೆದುಕೊಟ್ಟರು. ಹಸಿಯಲ್ಲಿ ತಿಳಿಯಾಗಿದ್ದ ಬಣ್ಣ ಒಣಗುತ್ತ ತುಸು ಗಾಢವಾಯಿತು. ಮರುದಿನವಿಡೀ ಆ ರಟ್ಟುಗಳನ್ನು ಗೋಡೆಯಿಂದ ಗೋಡೆಗೆ ಹೊತ್ತು ತಿರುಗಿದೆ. ಕೋಣೆಯ ಒಂದೇ ಕಿಟಕಿ ಉತ್ತರಕ್ಕಿದೆ, ಅದರಾಚೆ ಸಿಲ್ವರ್ ಓಕ್ ಮರಗಳಿವೆ. ಜುಲೈ ತಿಂಗಳ ಮೋಡದ ತಣ್ಣನೆಯ ಬೆಳಕು ಆ ಎಲೆಗಳನ್ನು ಹಾದು ಒಳಗೆ ಬರುವಾಗ ಬೂದಿಯ ಬಿಳಿ ನೀಲಿಗಟ್ಟಿ, ತೇವ ಹಿಡಿದ ಗೋಡೆಯಂತೆ ಕಂಡಿತು. ಆರು ತಿಂಗಳು ಮಳೆ ನೋಡುವ ಊರಿನಲ್ಲಿ ತೇವವನ್ನು ದುಡ್ಡು ಕೊಟ್ಟು ತರುವವರುಂಟೇ! ಆದರೆ ಮೋಡ ಸರಿದು ಗಾಜಿನ ಹೆಂಚಿನಿಂದ ಬಿಸಿಲು ಬಿದ್ದ ಅರ್ಧ ಗಂಟೆಯಲ್ಲಿ, ರೆಡ್ ಆಕ್ಸೈಡ್ ನೆಲದಿಂದ ಪುಟಿದ ಕೆಂಪು ಬೆಳಕು, ಹಳದಿಯ ಬಿಳಿಯ ರಟ್ಟಿನ ಕೆಳತುದಿಗೆ ಬಡಿದು ಅದು ಮಾವಿನ ಸೀಕರಣೆಯ ಕಡೆಗೆ ವಾಲಿತು. ರಾತ್ರಿ ಬೆಚ್ಚನೆಯ ಹಳದಿ ಬಲ್ಬಿನಡಿ ಅದೇ ರಟ್ಟು ಬೆಣ್ಣೆಯಂತಿತ್ತು.

ಅಜ್ಜನ ಕಾಲದಲ್ಲಿ ಇಂಥ ತಾಪತ್ರಯವಿರಲಿಲ್ಲ. ಹಬ್ಬಕ್ಕೆ ಮುಂಚೆ ಸುಣ್ಣ ಕಲಸಿ, ಅದರ ಹಳದಿ ಛಾಯೆ ಅಡಗಲೆಂದು ಚಿಟಿಕೆ ನೀಲಿ ಬೆರೆಸಿ ಬಳಿದರೆ ಮುಗಿಯಿತು.

ಬಿಸಿಲಿನ ಅರ್ಧ ಗಂಟೆಗಿಂತ ಮಳೆಯ ತಿಂಗಳುಗಳೇ ಈ ಕೋಣೆಗೆ ಹೆಚ್ಚು ಎಂದು ಲೆಕ್ಕ ಹಾಕಿ ಹಳದಿಯ ಬಿಳಿಯನ್ನೇ ಹೊಡೆಸಿದೆ. ಡಬ್ಬಿಯಲ್ಲಿ ಉಳಿದಿದ್ದ ಬೂದಿಯದನ್ನು ಗೋಡೆಯ ದೀಪದ ಗೂಡಿನೊಳಗೆ ಬಳಿದೆವು. ಸುತ್ತಲಿನ ಹಳದಿಯ ನಡುವೆ ಅದೀಗ ನೀಲಿ ಬೆರೆಸಿದ ಸುಣ್ಣದ ಹಾಗೆ ಕಾಣುತ್ತದೆ.